ಚೆಂಡು ಬಿಟ್ಟು ಸಾಲಿನ ಕಡೆ ನೋಡಿ

ಅಮೆರಿಕನ್ ಫುಟ್‌ಬಾಲ್ ಆಟಗಾರ, ಕೋಚ್ ಸ್ಟೀವ್ ಓವೆನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಬರವಣಿಗೆ ಸರಾಗವಾಗಿದೆ, ವಿಷಯ ಕನ್ನಡಕ್ಕೆ ಹೊಸದು. ಆದರೆ ಈಗಿರುವ ಹಾಗೆ ಹಾಕಲಾರೆ.

ಎರಡನೇ ಪ್ಯಾರಾ: "ಚೆಂಡು ಕೈಗೆ ಸಿಕ್ಕರೆ ಸಾಕು, ಓವೆನ್ ಸಿಡಿಲಿನಂತೆ ಮುನ್ನುಗ್ಗುತ್ತಿದ್ದ." ಯಾವ ಚೆಂಡು ಸ್ವಾಮಿ? ಆತ ಟ್ಯಾಕಲ್. ಆಕ್ರಮಣದಲ್ಲಿ ಏಳು ಜನರ ಮುಂದಿನ ಸಾಲಿನಲ್ಲಿ ಒಳಗಿನ ಗಾರ್ಡ್ ಮತ್ತು ತುದಿಯ ಎಂಡ್ ನಡುವೆ ನಿಲ್ಲುವವನು. ಎದುರಿನವನನ್ನು ಭುಜ ಕೊಟ್ಟು ಪಕ್ಕಕ್ಕೆ ತಳ್ಳಿ, ಚೆಂಡು ಹಿಡಿದು ಬರುವವನಿಗೆ ಸಂದು ಮಾಡಿಕೊಡುವುದು ಅವನ ಕೆಲಸ; ಎದುರಿನವನನ್ನು ಕೈಯಲ್ಲಿ ಹಿಡಿದುಕೊಂಡರೆ ದಂಡ. ಚೆಂಡು ಎದುರಾಳಿ ಪಾಲಾದರೆ ಅದೇ ಮನುಷ್ಯ ರಕ್ಷಣೆಗೆ ನಿಲ್ಲಬೇಕು. ಆಕ್ರಮಣಕ್ಕೊಂದು ತಂಡ, ರಕ್ಷಣೆಗೊಂದು ತಂಡ ಎಂಬ ಸುಖ ಆಗ ಇರಲಿಲ್ಲ. ಇದನ್ನು ಹೇಳದೆ ಓವೆನ್ ಬಗ್ಗೆ ಏನು ಬರೆದರೂ ಅದು ಬೇರೆ ಯಾರದೋ ಜೀವನಚರಿತ್ರೆ.

ಮುಂದಿನ ಸಾಲು: "1927ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಅದ್ಭುತವಾಗಿ ಆಡಿ ಚಾಂಪಿಯನ್ ಆಯಿತು." ನಾನು ಕ್ರೀಡಾಪುಟಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಉಪಸಂಪಾದಕರೊಬ್ಬರು ಇಂಥ ಪದ ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ "ಎಷ್ಟು?" ಎಂದು ಬರೆಯುತ್ತಿದ್ದರು. ಸಿಟ್ಟು ಬರುತ್ತಿತ್ತು. ಈಗ ನಾನೇ ಬರೆಯುತ್ತೇನೆ: ಎಷ್ಟು? ಓವೆನ್ ನಾಯಕನಾಗಿದ್ದ ಆ ತಂಡ 13 ಪಂದ್ಯಗಳಲ್ಲಿ ಬಿಟ್ಟುಕೊಟ್ಟಿದ್ದು ಒಟ್ಟು 20 ಅಂಕ. ಶಿಕಾಗೊ ಬೇರ್ಸ್ ವಿರುದ್ಧ 13-7ರಲ್ಲಿ ಗೆದ್ದ ದಿನ ಆತ 60 ನಿಮಿಷವೂ ಜಿಮ್ ಮೆಕ್‌ಮಿಲನ್ ಎದುರು ಸೆಣಸಿದ. ಆಟ ಮುಗಿದಾಗ ಇಬ್ಬರಿಗೂ ಎದ್ದು ಹೋಗುವ ತ್ರಾಣವಿಲ್ಲ. ನೆಲದ ಮೇಲೇ ಕೂತು ಕೈಕುಲುಕಿದರು. ಇಷ್ಟು ಕೈಯಲ್ಲಿರುವಾಗ ಸಿಡಿಲು ಯಾಕೆ?

ಅದೇ ಜೈಂಟ್ಸ್‌ಗೆ ಕೋಚ್ ಆದ ಮೇಲಿನ ಭಾಗದಲ್ಲಿ: "ಹಿಮದ ಮೈದಾನದಲ್ಲಿ ಓವೆನ್‌ಗೆ ಹೊಳೆದ ಶೂ ಉಪಾಯ ಕ್ಷಣದಲ್ಲಿ ಪಂದ್ಯ ತಿರುಗಿಸಿತು." ಒಂದೇ ವಾಕ್ಯದಲ್ಲಿ ಮೂರು ತಪ್ಪು. 1934ರ ಡಿಸೆಂಬರ್ 9ರಂದು ಬೇರ್ಸ್ ವಿರುದ್ಧದ ಫೈನಲ್ ನಡೆದ ಪೋಲೊ ಗ್ರೌಂಡ್ಸ್‌ನಲ್ಲಿ ಇದ್ದದ್ದು ಮೆತ್ತನೆಯ ಹಿಮವಲ್ಲ, ಮಳೆನೀರು ಹೆಪ್ಪುಗಟ್ಟಿದ ಗಾಜಿನಂಥ ನೆಲ. ಅದರೊಳಗೆ ಬೂಟಿನ ಮೊಳೆಗಳು ಇಳಿಯಲಿಲ್ಲ. ಬೂಟು ಬಿಚ್ಚಿ ಹಾಕಿಕೊಂಡ ಶೂಗಳ ರಬ್ಬರ್ ಅಟ್ಟೆ ಹಿಡಿಯಿತು. ಉಪಾಯ ಹೇಳಿದ್ದು ಎಂಡ್ ಆಟಗಾರ ರೇ ಫ್ಲಾಹರ್ಟಿ, ಗೊಂಜಾಗಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಆತ ಅದನ್ನು ಕಂಡಿದ್ದ. ಮ್ಯಾನ್‌ಹಟನ್ ಕಾಲೇಜಿನಿಂದ ಶೂ ತಂದವನು ತಂಡಕ್ಕೆ ನೆರವಾಗುತ್ತಿದ್ದ ಏಬ್ ಕೋಹೆನ್. ಕ್ಷಣದಲ್ಲಂತೂ ಏನೂ ತಿರುಗಲಿಲ್ಲ: ಅರ್ಧ ಆಟಕ್ಕೆ ಬೇರ್ಸ್ 10-3 ಮುಂದೆ, ಮೂರನೇ ಕ್ವಾರ್ಟರ್ ಮುಗಿದಾಗ 13-3. ಕೊನೆಯ ಕ್ವಾರ್ಟರ್‌ನಲ್ಲಿ ಜೈಂಟ್ಸ್ 27 ಅಂಕ ಗಳಿಸಿ 30-13ರಲ್ಲಿ ಗೆದ್ದಿತು. ಸೋತ ತಂಡ ಆ ಋತುವಿನ 13 ಪಂದ್ಯಗಳನ್ನೂ ಗೆದ್ದು ಬಂದಿತ್ತು. ಓವೆನ್‌ನ ಹೆಚ್ಚುಗಾರಿಕೆ ಆಟಗಾರನ ಮಾತು ಕೇಳಿದ್ದರಲ್ಲಿದೆ. ಉಪಾಯವನ್ನು ಫ್ಲಾಹರ್ಟಿಯಿಂದ ಕಿತ್ತು ಓವೆನ್ ತಲೆಗೆ ಕಟ್ಟಬೇಡಿ.

1950ರಲ್ಲಿ ಓವೆನ್ ಹೂಡಿದ ಅಂಬ್ರೆಲಾ (ಕೊಡೆ) ರಕ್ಷಣೆಗೆ ನೀವು ಕೊಟ್ಟಿದ್ದು ಅರ್ಧ ಸಾಲು. ಮುಂದೆ ಆರು ಜನ, ಬೆನ್ನಿಗೆ ಒಬ್ಬ, ಅವನ ಹಿಂದೆ ಬಿಚ್ಚಿದ ಕೊಡೆಯ ಅಂಚಿನಂತೆ ನಾಲ್ವರು. ಪಾಸ್ ಬರುವ ಸೂಚನೆ ಕಂಡರೆ ಸಾಲಿನ ಎರಡೂ ತುದಿಯ ಎಂಡ್‌ಗಳು ಮುನ್ನುಗ್ಗದೆ ಹಿಂದೆ ಸರಿಯುತ್ತಿದ್ದರು. ಎದುರಾಳಿ ತಂಡದಲ್ಲಿ ಚೆಂಡು ಎಸೆಯುವವನಾದ ಓಟೊ ಗ್ರಹಾಂ ಎಸೆಯಲು ನೋಡಿದ ಕಡೆಯೆಲ್ಲ ಜನ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ಅವನ ತಂಡ ತನ್ನ ಇತಿಹಾಸದಲ್ಲಿ ಮೊದಲ ಸಲ ಸೊನ್ನೆಗೆ ಸೋತಿತು, 6-0. ಬಾಲ್ಯದ ಎರಡು ಪುಟ ತೆಗೆದು ಇದನ್ನು ಬೆಳೆಸಿ. ಯಾರು ಎಲ್ಲಿ ನಿಂತಿದ್ದರು ಎಂಬ ನಕ್ಷೆಯನ್ನೂ ಜೊತೆಗೆ ಕಳಿಸಿ, ಪೆನ್ಸಿಲ್‌ನಲ್ಲಿ ಗೀಚಿದ್ದಾದರೂ ಸರಿ.