ನೆರಳಲ್ಲಿದ್ರೂ ಅಸ್ಟಿಲ್ಬೆ ಎಲೆ ಒಣಗುತ್ತಲ್ಲ?

ಪ್ರಶ್ನೆ: ನಾವಿರೋದು ನ್ಯೂಜೆರ್ಸಿಲಿ, ಮನೆ ಹಿಂದೆ ಮೇಪಲ್ ಮರದ ಬುಡದಲ್ಲಿ ಅಸ್ಟಿಲ್ಬೆ ಅನ್ನೋ ಹೂವಿನ ಗಿಡ ಹಾಕಿದೀನಿ, ಪೂರ್ತಿ ನೆರಳೇ, ಆದ್ರೂ ಜುಲೈ ಬಂದ್ರೆ ಎಲೆ ಅಂಚೆಲ್ಲಾ ಕಂದು ಬಣ್ಣಕ್ಕೆ ತಿರುಗಿ ಗರಿಗರಿ ಆಗ್ಬಿಡುತ್ತೆ. ಮತ್ತೆ, ಒಂದು ಬುಡ ಮೈಸೂರಿಗೆ ಅಮ್ಮಂಗೆ ತಗೊಂಡ್ಹೋಗ್ಬಹುದಾ?

ಉತ್ತರ: ತೊಂದ್ರೆ ಬಿಸಿಲಿಂದಲ್ಲ, ನೀರಿಂದು. ಮೇಪಲ್ ಬೇರು ಮೇಲ್ಮೇಲೇ ಹರಡಿ ಇರೋಬರೋ ತೇವನೆಲ್ಲಾ ಹೀರ್ಕೊಳುತ್ತೆ, ಅಸ್ಟಿಲ್ಬೆಗೋ ಮಣ್ಣು ಒಣಗಿದ್ರೆ ಆಗೋದೇ ಇಲ್ಲ. ಸೆಪ್ಟೆಂಬರಲ್ಲಿ ಕಿತ್ತು, ಮರದಿಂದ ದೂರ, ಬೆಳಗಿನ ಎಳೆಬಿಸಿಲು ಸ್ವಲ್ಪ ಬೀಳೋ ಕಡೆ ಕಾಂಪೋಸ್ಟ್ ಹಾಕಿ ನೆಡಿ, ಮೇಲೆ 2 ಇಂಚು ತರಗೆಲೆ ಮುಚ್ಚಿ, ತೀರಾ ಕತ್ತಲಿದ್ರೆ ಹೂವೂ ಕಮ್ಮಿನೇ. 3-4 ವರ್ಷಕ್ಕೊಮ್ಮೆ ಬುಡ ಸೀಳಿ ಬೇರೆ ಮಾಡಿ. ಮೈಸೂರಿಗೆ ಬೇಡ ಮೇಡಂ, ಅದಕ್ಕೆ ಕೊರೆಯೋ ಚಳೀಲಿ ಬೆಳೆಯೋದು ನಿಲ್ಸಿ ಚಳಿಗಾಲದ ನಿದ್ದೆ ಮಾಡ್ಲೇಬೇಕು, ಅಲ್ಲಿ ಅಷ್ಟು ಚಳಿ ಇರಲ್ಲ, ಅಮ್ಮಂಗೆ ಫೋಟೋ ಕಳ್ಸಿ ಸಾಕು.