ಅನುಮಾನ ಬಿಡಿಸಿ ಎಂದು ಕರೆತಂದರು

ರೋಗಕ್ಕಿಂತ ರೋಗಿಯ ಅನುಮಾನವನ್ನೇ ಮೊದಲು ವಾಸಿಮಾಡಿ ಎನ್ನುವ ಮನೆಯವರು ನನ್ನಲ್ಲಿಗೆ ಆಗಾಗ ಬರುತ್ತಾರೆ. ಅಂಥದೊಂದು ಪ್ರಕರಣವನ್ನು ಗುರುತು ಮರೆಸಿ ಬರೆಯುತ್ತಿದ್ದೇನೆ.

ಆಕೆ ಶಿಕ್ಷಕಿಯಾಗಿದ್ದವರು. ಸೋಂಕುಜ್ವರವೊಂದರ ಬೆನ್ನಿಗೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ (ವಿಶ್ರಾಂತಿಗೂ ಬಗ್ಗದ ದೀರ್ಘಕಾಲದ ಬಳಲಿಕೆಯ ಕಾಯಿಲೆ) ಹಿಡಿದು ಕೆಲಸ ಬಿಟ್ಟಿದ್ದರು. ಇದೇ ಕಾಯಿಲೆಯ ಬಗೆಗಿನ ಸರ್ಕಾರಿ ಧನಸಹಾಯದ ಅಧ್ಯಯನಕ್ಕೆ ಕರೆ ಬಂದಾಗ ಒಲ್ಲೆ ಎಂದರು. "ಇವಳಿಗೆ ಕಾಯಿಲೆಗಿಂತ ಅನುಮಾನವೇ ಜಾಸ್ತಿ, ನೀವಾದರೂ ಬುದ್ಧಿ ಹೇಳಿ ಮೇಡಂ" ಎಂದು ಅಣ್ಣ ಕರೆತಂದರು.

ಮುಂದಿನ ಭೇಟಿಯಲ್ಲಿ ಆಕೆ ಮಲಗಿಕೊಂಡೇ ಮಾತನಾಡಿದರು. ಕೈಯಲ್ಲಿದ್ದ ಚೀಟಿಯಲ್ಲಿ 65, 60 ಎಂಬ ಎರಡು ಅಂಕಿಗಳು. ಈ ಕಾಯಿಲೆಗೆ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವುದೂ ಸೇರಿದಂತೆ ಕೆಲವು ಚಿಕಿತ್ಸೆಗಳನ್ನು ಪರೀಕ್ಷಿಸಿದ, ಬ್ರಿಟನ್ನಿನ 641 ರೋಗಿಗಳ ಪೇಸ್ ಅಧ್ಯಯನಕ್ಕೆ ಸೇರಲು ದೈಹಿಕ ಸಾಮರ್ಥ್ಯದ ಅಂಕ ನೂರಕ್ಕೆ 65 ಅಥವಾ ಅದಕ್ಕೂ ಕಡಿಮೆ ಇರಬೇಕಿತ್ತು. ಚೇತರಿಕೆಗೆ ಮೊದಲು ಗೊತ್ತುಮಾಡಿದ್ದ ಅಂಕ 85. 2013ರಲ್ಲಿ ಚೇತರಿಕೆಯ ಫಲಿತಾಂಶ ಪ್ರಕಟವಾಗುವಾಗ ಅದು 60ಕ್ಕೆ ಇಳಿದಿತ್ತು. ಅಂದರೆ ಈ ಒಂದು ಅಳತೆಯ ಮಟ್ಟಿಗೆ, ಸೇರಿದಾಗಿನ ಸ್ಥಿತಿಗಿಂತ ಕುಗ್ಗಿದವರೂ ಚೇತರಿಸಿಕೊಂಡವರೇ!

"ಅಣ್ಣಾ, ಇದರಲ್ಲಿ ನನ್ನ ಅನುಮಾನ ಎಷ್ಟು, ಲೆಕ್ಕ ಎಷ್ಟು ಹೇಳು."

ಅಣ್ಣ ಸುಮ್ಮನಿದ್ದು ಕೇಳಿದರು: "ಹಾಗಾದರೆ ಎಲ್ಲರೂ ಮೋಸಗಾರರೇ?"

ಆಕೆ ಉತ್ತರಿಸಲಿಲ್ಲ. ನನಗೆ ಬೇಕಾಗಿದ್ದ ಪ್ರಶ್ನೆ ಅದೇ. ಆಕೆ ಒಂದು ಪುಡಿಯನ್ನು ತರಿಸಿಕೊಂಡು ಕುಡಿಯುತ್ತಿದ್ದರು. "ಅದನ್ನು ಮಾರಿದವರಿಗೆ ಈ ಲೆಕ್ಕ ಕೇಳಿದ್ದೀರಾ?" ಎಂದೆ. ನಕ್ಕುಬಿಟ್ಟರು.

ನಂಬಿ ಎಂದು ನಾನು ಹೇಳಲಿಲ್ಲ. ಅನುಮಾನಕ್ಕೆ ನೀರೆರೆದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಎರೆದೆ, ನಿಜ. ಪೇಸ್‌ನ ದತ್ತಾಂಶ ಹೊರಬಂದದ್ದು ರೋಗಿಯೊಬ್ಬರ ಪಟ್ಟಿನಿಂದ, 2016ರ ನ್ಯಾಯಮಂಡಳಿಯ ಆದೇಶದ ನಂತರ. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2021ರಲ್ಲಿ ತನ್ನ ಮಾರ್ಗಸೂಚಿಯಿಂದ ಕೈಬಿಟ್ಟಿತು. ತುಸು ಶ್ರಮಕ್ಕೇ ಮರುದಿನ ಹಾಸಿಗೆ ಹಿಡಿಯುವವರು ಹೆದರಿದ್ದನ್ನು ನಾನು ಮನೋದೌರ್ಬಲ್ಯ ಎನ್ನಲಾರೆ. ಆದರೆ ಅಧಿಕೃತರ ಮೇಲಷ್ಟೇ ಹರಿಯುವ ಅನುಮಾನ ರೋಗಿಯನ್ನು ಕಾಯುವುದಿಲ್ಲ. ಈ ಕಾಯಿಲೆಗೆ ಎಕ್ಸ್‌ಎಂಆರ್‌ವಿ ಎಂಬ ವೈರಸ್ಸೇ ಕಾರಣವೆಂಬ ಆಸೆ ಹುಟ್ಟಿಸಿದ 2009ರ ಪ್ರಬಂಧವನ್ನು ನೆಚ್ಚಿ ಕೆಲವರು ಎಚ್‌ಐವಿ ಔಷಧಿಯನ್ನೂ ನುಂಗಿದ್ದರು. ಪ್ರಯೋಗಾಲಯದ ಕಲಬೆರಕೆ ಎಂದು ಅದನ್ನು ಬಯಲುಮಾಡಿದವರೂ ಸಂಶೋಧಕರೇ. 2011ರಲ್ಲಿ ಪ್ರಬಂಧ ಹಿಂತೆಗೆಯಲಾಯಿತು.

ಹಾಗಾಗಿ ನನ್ನ ಸಲಹೆ: ಒಲ್ಲೆ ಎನ್ನುವ ಮೊದಲು ಬರೆದು ಕೇಳಿ. ಶ್ರಮದ ನಂತರ ಉಲ್ಬಣಿಸುವ ಲಕ್ಷಣ ಇದ್ದವರನ್ನೇ ಆರಿಸುತ್ತೀರಾ? ನಡುವೆ ಬಿಟ್ಟವರನ್ನು ಹೇಗೆ ಎಣಿಸುತ್ತೀರಿ? ಅಳತೆಗೋಲು ಬದಲಾದರೆ ತಿಳಿಸುತ್ತೀರಾ? ಪುಡಿಯವರಿಗೂ ಒಂದು ಪತ್ರ ಹೋಗಲಿ. ಅಣ್ಣನಿಗೆ ಹೇಳಿದ್ದು, ಬರೆಯುವ ಶ್ರಮ ನಿಮ್ಮದು, ತೀರ್ಮಾನ ಅವರದು.

ಅಧ್ಯಯನದವರು ಮೊದಲೆರಡಕ್ಕೆ ವಿವರವಾಗಿ ಉತ್ತರಿಸಿದರು, ಮೂರನೆಯದನ್ನು ಹಾರಿಸಿದರು. ಆಕೆ ಅದನ್ನೇ ಮತ್ತೊಮ್ಮೆ ಬರೆಸಿ ಕಾಯುತ್ತಿದ್ದಾರೆ. ಪುಡಿಯವರು ರಿಯಾಯಿತಿ ಕೊಡುವುದಾಗಿ ಬರೆದರು. ಕೆಲಸ ಕೆಡಿಸಿದಿರಿ ಎಂದು ಅಣ್ಣನಿಗೆ ನನ್ನ ಮೇಲೆ ಈಗಲೂ ಮುನಿಸಿದೆ.