ಗುಂಡಿ ಒತ್ತುವವನ ಕಸುಬು

ಕೋಲಾರದ ಓದುಗರೊಬ್ಬರು ಬರೆದಿದ್ದಾರೆ: “ಐಟಿಐ ಮುಗಿಸಿದ ನನ್ನ ತಂಗಿಯ ಮಗನಿಗೆ ಆಂಬೂರಿನ ಷೂ ಕಾರ್ಖಾನೆಯೊಂದರಲ್ಲಿ ಮೆಷಿನ್ ಆಪರೇಟರ್ ಕೆಲಸ ಸಿಕ್ಕಿದೆ. ಎಲ್ಲವನ್ನೂ ಯಂತ್ರವೇ ಮಾಡುವಾಗ ಗುಂಡಿ ಒತ್ತುವವನು ಕಲಿಯುವುದೇನಿದೆ? ನಮ್ಮ ಬೀದಿಯ ಮೋಚಿಗಿರುವ ಕಸುಬು ಇವನಿಗೆ ಬಂದೀತೆ?”

ಮಾನ್ಯರೇ, ಅರ್ಧ ಒಪ್ಪುತ್ತೇನೆ. ಮೋಚಿಯ ಕೈಯಲ್ಲಿ ಇಡೀ ಜೋಡು ರೂಪುಗೊಳ್ಳುತ್ತದೆ. ನಿಮ್ಮ ಸೋದರಳಿಯನ ಪಾಲಿಗೆ ಅದರ ಒಂದು ತುಣುಕಷ್ಟೇ ಬರುತ್ತದೆ. ದಿನವಿಡೀ ಹಿಮ್ಮಡಿಯ ಪಟ್ಟಿಯನ್ನೇ ಹೊಲಿದರೆ ಯಾರಿಗಾದರೂ ಬೇಸರವಾದೀತು. ಆದರೆ ‘ಗುಂಡಿ ಒತ್ತುವವನು’ ಎಂದಿರಲ್ಲ, ಅಲ್ಲಿ ನನ್ನ ತಕರಾರಿದೆ.

ಚರ್ಮ ಬಟ್ಟೆಯ ಹಾಗೆ ಥಾನಿನಲ್ಲಿ ಬರುವುದಿಲ್ಲ. ಒಂದೇ ಹಾಳೆಯಲ್ಲಿ ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಒಂದೆಡೆ ಉಣ್ಣಿ ಕಚ್ಚಿದ ಗುರುತು, ಇನ್ನೊಂದೆಡೆ ಮುಳ್ಳುತಂತಿಯ ಗೀರು. ಚರ್ಮವನ್ನು ತುಂಡುಗಳಾಗಿ ಕತ್ತರಿಸುವ ಕ್ಲಿಕಿಂಗ್ ಪ್ರೆಸ್ಸಿನ ಮುಂದೆ ನಿಂತವನು ಮೊದಲು ಇದನ್ನೆಲ್ಲ ಬೆರಳಿನಿಂದ ಸವರಿ, ಎಳೆದು ನೋಡಬೇಕು. ಕಾಲ್ಬೆರಳ ಮೇಲೆ ಕೂರುವ ತುಂಡಿಗೆ ಬೆನ್ನಿನ ಚರ್ಮ. ಲೇಸಿನಡಿ ಕೂರುವ ನಾಲಿಗೆಯ ತುಂಡಿಗೆ ಹೊಟ್ಟೆಯದಾದರೂ ನಡೆಯುತ್ತದೆ. ಎಡಗಾಲಿನ ತುಂಡಿನ ಪಕ್ಕದಲ್ಲಿಯೇ ಬಲಗಾಲಿನದೂ ಸಿಗಬೇಕು, ಇಲ್ಲವಾದರೆ ಜೋಡಿಯ ಬಣ್ಣ ಬೇರೆಯಾಗುತ್ತದೆ. ತುಂಡಿನ ಆಕಾರದ ಕತ್ತರಿಸುವ ಅಚ್ಚನ್ನು, ಅಂದರೆ ಡೈಯನ್ನು, ತಪ್ಪಾದ ಜಾಗದಲ್ಲಿ ಇಟ್ಟರೆ ಪ್ರೆಸ್ ಅಷ್ಟೇ ನಿಷ್ಠೆಯಿಂದ ತಪ್ಪಾಗಿಯೇ ಕತ್ತರಿಸುತ್ತದೆ. ಗುಂಡಿ ಒತ್ತುವುದು ಕೊನೆಯ ಕ್ಷಣದ ಮಾತು.

ಅಂಚು ತೆಳುಮಾಡುವುದು, ಹೊಲಿಗೆ ಇವುಗಳನ್ನು ದಾಟಿ ಲಾಸ್ಟಿಂಗಿಗೆ ಬನ್ನಿ. ಪಾದದಾಕಾರದ ಅಚ್ಚಿನ ಮೇಲೆ ಅಪ್ಪರ್, ಅಂದರೆ ಷೂವಿನ ಮೇಲ್ಭಾಗವನ್ನು, ಹಾಸಿ, ಯಂತ್ರದ ಇಕ್ಕಳಗಳಿಂದ ಸುತ್ತಲೂ ಎಳೆದು, ಬಿಸಿ ಅಂಟಿನಿಂದ ಅಡಿಗೆ ಕೂರಿಸುವ ಹಂತ ಇದು. ಎಳೆತ ಹೆಚ್ಚಾದರೆ ಚರ್ಮ ಬಿರಿಯುತ್ತದೆ, ಕಡಿಮೆಯಾದರೆ ತುದಿಯಲ್ಲಿ ಸುಕ್ಕು ನಿಲ್ಲುತ್ತದೆ. ಚರ್ಮ ಬದಲಾದಂತೆ ಎಳೆತವನ್ನೂ ಬದಲಿಸಬೇಕು.

ಈ ಕೆಲಸ ಯಂತ್ರಕ್ಕೆ ಒಗ್ಗುವುದೇ ಇಲ್ಲವೆಂದು ಅಮೆರಿಕದ ಲಿನ್ ಪಟ್ಟಣದ ಕೈಕೆಲಸಗಾರರು ಹೆಮ್ಮೆಯಿಂದ ಹೇಳುತ್ತಿದ್ದ ಕಾಲವೊಂದಿತ್ತು. ನುರಿತವರು ದಿನಕ್ಕೆ ಐವತ್ತು ಜೋಡಿ ಮಾಡುತ್ತಿದ್ದರು. ಅವರ ಮಾತನ್ನು ಸುಳ್ಳಾಗಿಸಿದ ಯಾನ್ ಮಾಟ್ಸೆಲಿಗರ್ ಸುರಿನಾಮಿನಿಂದ ಬಂದವನು. ಅದೇ ಊರಿನ ಕಾರ್ಖಾನೆಯಲ್ಲಿ ಅಟ್ಟೆ ಹೊಲಿಯುವ ಯಂತ್ರ ನಡೆಸುತ್ತಿದ್ದ ಆಪರೇಟರ್! ಕೈಕೆಲಸಗಾರರ ಬೆರಳುಗಳ ಚಲನೆಯನ್ನು ನೋಡಿ ನೋಡಿ, ರಾತ್ರಿ ಹೊತ್ತು ತಂತಿ, ಮರದ ತುಂಡು, ಸಿಗಾರ್ ಡಬ್ಬಿಗಳಿಂದ ಮಾದರಿ ಕಟ್ಟಿದ. 1883ರಲ್ಲಿ ಪೇಟೆಂಟ್ ಸಿಕ್ಕಿತು. ಅವನ ಯಂತ್ರ ದಿನಕ್ಕೆ 150ರಿಂದ 700 ಜೋಡಿ ಮುಗಿಸುವಂತಾಯಿತು. ಆರು ವರ್ಷಗಳಲ್ಲಿ, ಇನ್ನೂ ಮೂವತ್ತಾರರಲ್ಲಿ, ಕ್ಷಯದಿಂದ ತೀರಿಕೊಂಡ.

ಎಲ್ಲ ಆಪರೇಟರುಗಳೂ ಮಾಟ್ಸೆಲಿಗರ್ ಆಗುವುದಿಲ್ಲ ಎನ್ನುತ್ತೀರಿ. ಸರಿ. ಹುಡುಗನನ್ನು ಕಳುಹಿಸುವ ಮುನ್ನ ಇಷ್ಟು ವಿಚಾರಿಸಿ: ವರ್ಷವಿಡೀ ಒಂದೇ ಯಂತ್ರಕ್ಕೆ ಕಟ್ಟಿಹಾಕುತ್ತಾರೆಯೇ, ಬೇರೆ ವಿಭಾಗಗಳನ್ನೂ ಕಲಿಸುತ್ತಾರೆಯೇ? ಅಂಟಿನ ವಾಸನೆ ಹೊರಹೋಗಲು ಫ್ಯಾನ್ ಇದೆಯೇ? ಇನ್ನೊಂದು, ಪ್ರೆಸ್ಸಿಗೆ ಎರಡು ಗುಂಡಿಗಳಿದ್ದು, ಎರಡನ್ನೂ ಒಟ್ಟಿಗೆ ಒತ್ತಿದರಷ್ಟೇ ಅದು ಇಳಿಯುತ್ತದೆಯೇ? ಎರಡೂ ಕೈಗಳು ಗುಂಡಿಗಳ ಮೇಲಿದ್ದರೆ ಬೆರಳು ಪ್ರೆಸ್ಸಿನಡಿ ಸಿಗುವುದಿಲ್ಲ. ಉತ್ಪಾದನೆ ಹೆಚ್ಚಿಸಲು ಒಂದು ಗುಂಡಿಯನ್ನು ಟೇಪು ಸುತ್ತಿ ಒತ್ತಿಯೇ ಇಟ್ಟಿದ್ದು ಕಂಡರೆ, ಅವನನ್ನು ಅಂದೇ ಬಸ್ಸು ಹತ್ತಿಸಿಕೊಂಡು ಬನ್ನಿ.

— ಸಂಪಾದಕ